ಕಿವಿ ಇಲ್ಲದ ಗ್ಯಾರೇಜು

ಕೌಂಟರಿನ ಹುಡುಗ ಬಾನೆಟ್ ಎತ್ತಲೇ ಇಲ್ಲ. ನನಗೆ ಚುಚ್ಚಿದ್ದು ಅದೇ.

ಜನವರಿ ತಿಂಗಳು, ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್, ಹೊರಗೆ ಮೈನಸ್ 14 ಡಿಗ್ರಿ. ಮೂರು ದಿನದಿಂದ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಕೀಂಯ್ ಅಂತ ಶುರುವಾಗಿ, ಆಮೇಲೆ ಗರಗರ ಅನ್ನುತ್ತಿತ್ತು. ಪಕ್ಕದ ಮನೆಯವರು ಕಿಟಕಿಯಿಂದ ಇಣುಕುವಷ್ಟು ಸದ್ದು. ಎಂಜಿನ್ನಿನ ಬೆಲ್ಟ್ ಕಡೆಯಿಂದ ಬರುತ್ತಿದೆ ಅಂತ ಗ್ಯಾರೇಜಿನಲ್ಲಿ ಹೇಳಿದೆ. ಹುಡುಗ ಗಾಡಿ ನಂಬರ್ ಒತ್ತಿ, ಕಂಪ್ಯೂಟರ್ ನೋಡಿ, ಬೆಲ್ಟು, ಅದನ್ನು ಬಿಗಿಯಾಗಿಡುವ ಟೆನ್ಷನರು, ಅದಕ್ಕೆ ದಾರಿ ತೋರಿಸುವ ಎರಡು ಐಡ್ಲರ್ ಪುಲ್ಲಿ, ಕೂಲಿ ಎಲ್ಲಾ ಸೇರಿ 640 ಡಾಲರ್ ಅಂದ. ಇವುಗಳಲ್ಲಿ ಹಾಳಾಗಿರುವುದು ಯಾವುದು ಅಂತ ಕೇಳಿದೆ. ಎಲ್ಲಾ ಒಟ್ಟಿಗೆ ಬದಲಾಯಿಸುವುದೇ ಪದ್ಧತಿಯಂತೆ. ಮನಸ್ಸು ತಾನಾಗಿಯೇ ರೂಪಾಯಿಗೆ ಗುಣಿಸಿತು. ಐವತ್ತು ಸಾವಿರ ದಾಟಿತು. ಇಲ್ಲಿಗೆ ಬಂದು 12 ವರ್ಷವಾದರೂ ಈ ಚಾಳಿ ಹೋಗಿಲ್ಲ.

ತಿಪಟೂರಿನ ನಮ್ಮ ಮೇಸ್ತ್ರಿ ನೆನಪಾದರು. ಅವರ ಗ್ಯಾರೇಜು ಅಂದರೆ ಒಂದು ಹುಣಸೆಮರ, ನಾಲ್ಕು ತಗಡು. ಗಾಡಿ ತಂದು ನಿಲ್ಲಿಸಿದರೆ ಮೊದಲ ಮಾತು, "ಆಫ್ ಮಾಡ್ಬೇಡಿ ಸಾರ್, ಹಾಗೇ ಬಿಡಿ." ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಗ ಯಾರೂ ಮಾತಾಡುವ ಹಾಗಿಲ್ಲ. ಟೀ ತಂದ ಹುಡುಗನೂ ಸುಮ್ನೆ ನಿಂತಿರುತ್ತಿದ್ದ. ಒಮ್ಮೆ ನನ್ನ ಕಿವಿಗೂ ಹಿಡಿ ಇಟ್ಟಿದ್ದರು. ಒಳಗೆ ಯಾರೋ ಮರಳು ಅರೆಯುತ್ತಿರುವ ಹಾಗಿತ್ತು.

ಅಪ್ಪನಿಗೆ ಫೋನ್ ಮಾಡಿದೆ. ಇಲ್ಲಿ ಬೆಳಗ್ಗೆ, ಅಲ್ಲಿ ಸಂಜೆ. ಅವರು ಫೋನ್ ಹಿಡಿದುಕೊಂಡೇ ಮೇಸ್ತ್ರಿ ಹತ್ತಿರ ಹೋದರು. ನಾನು ಎಂಜಿನ್ ಪಕ್ಕ ಹಿಡಿದರೆ ಅವರಿಗೆ ಏನೂ ಕೇಳಿಸಲಿಲ್ಲ. ಮಾತು ಬಿಟ್ಟು ಬೇರೆ ಸದ್ದನ್ನೆಲ್ಲ ಈ ಫೋನುಗಳೇ ನುಂಗಿಬಿಡುತ್ತವಲ್ಲ! ರೆಕಾರ್ಡ್ ಮಾಡಿ ಕಳಿಸಿದೆ. ಉತ್ತರ ಹತ್ತೇ ನಿಮಿಷಕ್ಕೆ ಬಂತು: "ಬೆಲ್ಟ್‌ಗೆ ಗೆರೆ ಇರೋ ಕಡೆ ಒಂಚೂರು ನೀರು ಹಾಕಪ್ಪ. ಸದ್ದು ನಿಂತು ಮತ್ತೆ ಬಂದ್ರೆ ಪುಲ್ಲಿ ಲೈನ್ ತಪ್ಪಿದೆ. ಜಾಸ್ತಿ ಆದ್ರೆ ಬೆಲ್ಟ್ ಲೂಸು, ಜಾರ್ತಾ ಇದೆ. ಏನೂ ಆಗ್ಲಿಲ್ವಾ, ಬೇರಿಂಗ್ ಕಡೆ ನೋಡು."

ಇಸ್ತ್ರಿಗೆ ಇಟ್ಟಿದ್ದ ಸ್ಪ್ರೇ ಬಾಟಲಿ ತಂದು ನೀರು ಹೊಡೆದೆ. ಏನೂ ಆಗಲಿಲ್ಲ. ಟೆನ್ಷನರ್ ತಿರುಗಿಸಿ ಬೆಲ್ಟ್ ಬಿಚ್ಚಿ, ಹಾಗೇ ಐದಾರು ಸೆಕೆಂಡ್ ಸ್ಟಾರ್ಟ್ ಮಾಡಿದೆ. ಗರಗರ ಮಾಯ. ಸದ್ಯ, ಎಂಜಿನ್ ಒಳಗೆ ಏನೂ ಆಗಿಲ್ಲ. ಆಫ್ ಮಾಡಿ ಒಂದೊಂದೇ ಪುಲ್ಲಿಯನ್ನು ಬೆರಳಲ್ಲಿ ತಿರುಗಿಸಿದೆ. ಒಳಗಿನ ಬೇರಿಂಗಿನಲ್ಲಿ ಗ್ರೀಸ್ ಇದ್ದರೆ ಪುಲ್ಲಿ ಮೆತ್ತಗೆ ತಿರುಗಿ ಬೇಗ ನಿಲ್ಲುತ್ತದೆ. ಕೆಳಗಿನ ಐಡ್ಲರ್ ಮಾತ್ರ ಬುಗುರಿ ಹಾಗೆ ಸುತ್ತುತ್ತಲೇ ಇತ್ತು, ಒಣ ಸದ್ದು ಮಾಡುತ್ತಾ. ಎಷ್ಟು ಸಲೀಸಾಗಿ ತಿರುಗುತ್ತಿದೆ ಅಂತ ಖುಷಿಪಟ್ಟರೆ ಕೆಟ್ಟೆವು. ಗ್ರೀಸ್ ಒಣಗಿದ್ದರಿಂದಲೇ ಆ ಓಟ. ಬೇರಿಂಗಿನ ಮುಚ್ಚಳದ ಮೇಲೆ 6203 ಅಂತ ಅಳತೆಯ ನಂಬರ್ ಬರೆದಿತ್ತು. ಊರಿನ ಬೇರಿಂಗ್ ಅಂಗಡಿಯಲ್ಲಿ ಕೇಳಿದ ತಕ್ಷಣ ಎತ್ತಿಕೊಡುವ ಮಾಲು, ಸೀಲಿಂಗ್ ಫ್ಯಾನಿನ 6202ಕ್ಕೆ ಅಣ್ಣ.

"ಪುಲ್ಲಿ ಯಾಕೆ ಎಸೀತೀಯಾ? ಬೇರಿಂಗ್ ಒತ್ತಿ ಹಾಕ್ಸು" ಅಂದರು ಮೇಸ್ತ್ರಿ. ಒತ್ತುವವರನ್ನು ಹುಡುಕಿದೆ. ಒಬ್ಬ ಒಪ್ಪಿದ, ಗಂಟೆಗೆ 140 ಡಾಲರ್. ಹೊಸ ಪುಲ್ಲಿಗೇ 24. ಅದನ್ನೇ ಕೊಂಡೆ.

ಇಲ್ಲಿ ಕೂಲಿ ದುಬಾರಿ, ಸಾಮಾನು ಅಗ್ಗ. ಕಿವಿ ಇಟ್ಟು ಅರ್ಧ ಗಂಟೆ ಹುಡುಕುವುದಕ್ಕಿಂತ ಎಲ್ಲಾ ಬಿಚ್ಚಿ ಎಸೆಯುವುದೇ ಅವರಿಗೆ ಲಾಭ. ಲೆಕ್ಕ ಸರಿಯೇ. ಆದರೆ ಹೀಗೆ ಮಾಡಿ ಮಾಡಿ ಕೇಳಿಸಿಕೊಳ್ಳುವ ಅಭ್ಯಾಸವೇ ತಪ್ಪಿಹೋಗಿದೆ. ಡಾಕ್ಟರ ಹತ್ತಿರ ಹೋದಾಗಲೂ ನನ್ನದು ಇದೇ ದೂರು, ಅದು ಬಿಡಿ.

ಊರು ಹೊಗಳುವ ಭರದಲ್ಲಿ ಒಂದು ವಿಷಯ ನುಂಗಿಕೊಂಡಿದ್ದೆ. ಇದೇ ಮೇಸ್ತ್ರಿ, ಅಪ್ಪನ ಮಾರುತಿ 800ರ ಬೆಲ್ಟ್ ಕಿರುಚಿದಾಗ ಸೋಪು ಉಜ್ಜಿ ಕಳಿಸಿದ್ದರು. ಧರ್ಮಸ್ಥಳಕ್ಕೆ ಹೊರಟವರಿಗೆ ಶಿರಾಡಿ ಘಾಟಿಯಲ್ಲಿ ಬೆಲ್ಟ್ ಕಿತ್ತುಹೋಯಿತು. ಬ್ಯಾಟರಿಯ ಕೆಂಪು ದೀಪ ಹತ್ತಿತು, ಹಿಂದೆಯೇ ಟೆಂಪರೇಚರ್ ಮುಳ್ಳು ಏರಿತು. ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ ತಾನೇ? ಮಳೆಯಲ್ಲಿ ನಾಲ್ಕು ಗಂಟೆ ಕೂತೆವು, ಅಮ್ಮನ ಪುಳಿಯೋಗರೆ ಡಬ್ಬಿ ಅಲ್ಲೇ ಖಾಲಿ. ಆಮೇಲೆ ಹಾಕಿದ ಹೊಸ ಬೆಲ್ಟನ್ನು ಮೇಸ್ತ್ರಿ ಎಷ್ಟು ಬಿಗಿದಿದ್ದರು ಅಂದರೆ ಎರಡೇ ತಿಂಗಳಿಗೆ ಆಲ್ಟರ್ನೇಟರ್ ಬೇರಿಂಗೂ ಹೋಯಿತು. ರಶೀದಿ ಇಲ್ಲ. ಅಪ್ಪ ಜೋರು ಮಾಡಿ ಕೇಳುವ ಹಾಗೂ ಇಲ್ಲ, ಮೇಸ್ತ್ರಿ ತಮ್ಮ ಮಗಳ ಮದುವೆಗೆ ನಮ್ಮ ಮನೆಗೆ ಬಂದು ಕರೆದು ಹೋದವರು.

ಇಲ್ಲಿ ಬಿಡಿಭಾಗದ ಅಂಗಡಿಯವರು ಬೆಲ್ಟ್ ಬಿಚ್ಚುವ ಉದ್ದನೆಯ ಹಿಡಿಯನ್ನು ಠೇವಣಿ ಇಟ್ಟುಕೊಂಡು ಕೊಟ್ಟರು. ವಾಪಸ್ ಕೊಟ್ಟಾಗ ದುಡ್ಡೂ ಪೂರ್ತಿ ವಾಪಸ್. ಬೆಲ್ಟ್ ಯಾವ ಪುಲ್ಲಿ ಸುತ್ತಿ ಎಲ್ಲಿಗೆ ಹೋಗಬೇಕು ಅನ್ನುವ ಚಿತ್ರ ಬಾನೆಟ್ ಕೆಳಗೇ ಅಂಟಿಸಿತ್ತು. ಅದೊಂದು ಇಲ್ಲದಿದ್ದರೆ ನಾನು ಸೋಮವಾರ ಬಸ್ಸಿಗೆ ನಿಲ್ಲಬೇಕಿತ್ತು.

ಹಳೆ ಪುಲ್ಲಿ ಎಸೆಯಲಿಲ್ಲ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋದೆ. ಮೇಸ್ತ್ರಿ ಹಳೆ ಬೇರಿಂಗ್ ತೆಗೆದು, ಹೊಸ 6203 ಒತ್ತಿ, ಬೆರಳಲ್ಲಿ ತಿರುಗಿಸಿ ಕಿವಿ ಹತ್ತಿರ ಹಿಡಿದು ನೋಡಿದರು. ಬೇರಿಂಗಿನ ದುಡ್ಡು ಮಾತ್ರ ತೆಗೆದುಕೊಂಡರು. ಈಗ ಅದು ನನ್ನ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕದಲ್ಲಿದೆ. 24 ಡಾಲರಿನದು ಇನ್ನೂ ಗರಗರ ಅಂದಿಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ, ಚಳಿ ಇದ್ದರೂ ಒಂದು ಕ್ಷಣ ಗ್ಲಾಸ್ ಇಳಿಸಿ ಕೇಳುತ್ತೇನೆ.