ನಕ್ಷೆಯಲ್ಲಿ ಒಂದು ತಪ್ಪು ಸಿಕ್ಕಿದೆ

ಕೆರೆ ಹಿಂದಿನ ಗದ್ದೆಗಳಿಗೆ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದದ್ದು ತಪ್ಪಂತೆ. ಹಳದಿ ಬಳಿಯಬೇಕಿತ್ತಂತೆ. ಏನೋ ಕೈತಪ್ಪು.

ಊರು ಯಾವುದು ಅಂತ ಕೇಳಬೇಡಿ. ಕರ್ನಾಟಕದ ಯಾವ ಸಣ್ಣ ನಗರಕ್ಕೆ ಬೇಕಾದರೂ ಹೋಗಿ, ಯೋಜನಾ ಪ್ರಾಧಿಕಾರದ ಕಚೇರಿಯ ಗೋಡೆ ಮೇಲೆ ಒಂದು ದೊಡ್ಡ ನಕ್ಷೆ ತೂಗುತ್ತಿರುತ್ತದೆ. ಅದೇ ಮಾಸ್ಟರ್ ಪ್ಲಾನ್. ಹಳದಿ ಇದ್ದಲ್ಲಿ ಮನೆ ಕಟ್ಟಬಹುದು, ಹಸಿರು ಇದ್ದಲ್ಲಿ ಉಳಬೇಕು. ಹತ್ತು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು ಅನ್ನುತ್ತದೆ ಕಾನೂನು. ಸೈಟಿನ ರೇಟು ಆರು ತಿಂಗಳಿಗೊಮ್ಮೆ ಏರುವಾಗ ಹತ್ತು ವರ್ಷ ಕಾಯುವ ತಾಳ್ಮೆ ಯಾರಿಗಿದೆ? ಹಾಗಾಗಿ ನಡುನಡುವೆ ತಪ್ಪು ಸಿಗುತ್ತಿರುತ್ತದೆ.

ತಪ್ಪು ಅನ್ನುವುದು ನನ್ನ ಮಾತಲ್ಲ, ಕಾನೂನಿನದ್ದೇ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ 14ಎ ಅಂತ ಒಂದು ಕಲಂ ಇದೆ. ನಕ್ಷೆ ಬರೆಯುವಾಗ ತಪ್ಪಾಗಿದ್ದರೆ, ವಿವರ ಬಿಟ್ಟುಹೋಗಿದ್ದರೆ, ಸಂದರ್ಭ ಬದಲಾಗಿದ್ದರೆ, ಸರ್ಕಾರದ ಒಪ್ಪಿಗೆ ಪಡೆದು ಭೂ ಉಪಯೋಗ ಬದಲಾಯಿಸಬಹುದು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು. ಒಳ್ಳೆಯ ಕಲಮ್ಮೇ. ಗೆರೆ ಎಳೆಯುವಾಗ ಕೈ ನಡುಗಿ ಯಾರದೋ ಅಡುಗೆಮನೆ ಮೇಲೆ ರಸ್ತೆ ಹಾದುಹೋಗಿದ್ದರೆ ಸರಿಪಡಿಸೋದು ಬೇಡ್ವಾ?

ಆದರೆ ಈ ತಪ್ಪುಗಳಿಗೆ ಒಂದು ಸ್ವಭಾವವಿದೆ. ಜಮೀನು ರೈತನ ಹೆಸರಲ್ಲಿ ಇರುವ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ. ಪಹಣಿಯಲ್ಲಿ ಹೆಸರು ಬದಲಾದ ಮಾರನೇ ದಿನ ಎದ್ದು ಕಾಣುತ್ತವೆ. ಮೂರು ತಲೆಮಾರು ಅಲ್ಲೇ ಭತ್ತ ಬೆಳೆದವನಿಗೆ ತನ್ನದು ವಸತಿ ವಲಯದ ಜಮೀನು ಅಂತ ಗೊತ್ತೇ ಇರಲಿಲ್ಲ. ಪಾಪ, ಸುಮ್ನೆ ನಾಟಿ ಮಾಡ್ತಾ ಕಾಲ ಕಳೆದ. ಮಾಜಿ ಸದಸ್ಯರ ಭಾಮೈದ ಬದುವಿನ ಹತ್ತಿರ ಕಾರು ನಿಲ್ಲಿಸಿ, ಕಪ್ಪು ಕನ್ನಡಕ ತೆಗೆದು ಒಮ್ಮೆ ನೋಡಿದರು. ಆಗ ಗದ್ದೆಯ ನಿಜವಾದ ಬಣ್ಣ ಕಂಡಿತು.

ಇನ್ನೂ ಒಂದಿದೆ. ತಪ್ಪು ಯಾವಾಗಲೂ ಹಸಿರಿನ ಕಡೆಯದ್ದೇ. ಹಳದಿ ಬಳಿದು ಕೆಟ್ಟೆವು, ಹಸಿರು ಮಾಡಬೇಕಿತ್ತು ಅಂತ ಯಾವ ಪ್ರಾಧಿಕಾರವೂ ತಲೆ ಚಚ್ಚಿಕೊಂಡದ್ದನ್ನು ನಾನಂತೂ ಕೇಳಿಲ್ಲ. ಇಷ್ಟು ವರ್ಷ, ಇಷ್ಟು ಊರುಗಳಲ್ಲಿ, ಒಂದೇ ದಿಕ್ಕಿಗೆ ನಡುಗುವ ಕೈ ಅಂದರೆ ಅದು ಕಾಯಿಲೆ ಅಲ್ಲ, ಕಸುಬು.

ಜನರನ್ನು ಕೇಳದೆ ಏನೂ ಆಗುವುದಿಲ್ಲ, ಅದನ್ನೂ ಹೇಳಿಬಿಡಬೇಕು. ಆ ಭಾಗದಲ್ಲಿ ಪ್ರಸಾರ ಇರುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು ಅಂತ ಅದೇ ಕಲಂ ಹೇಳುತ್ತದೆ. ಕರೆಯುತ್ತಾರೆ. ಒಳಪುಟದ ಕೆಳಮೂಲೆಯಲ್ಲಿ. ಮೇಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕಳೆದುಕೊಂಡವನ ಜಾಹೀರಾತು. ಪಕ್ಕದಲ್ಲಿ ಹೆಸರು ಬದಲಾಯಿಸಿಕೊಂಡವರ ಅಫಿಡವಿಟ್ಟು. ಕೆಳಗೆ ಆಪರೇಷನ್ ಇಲ್ಲದೆ ಮೂಲವ್ಯಾಧಿಗೆ ಪರಿಹಾರ. ನಡುವೆ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಊರಿನ ಮುಂದಿನ ಐವತ್ತು ವರ್ಷ. ಸರ್ವೆ ನಂಬರ್ ಇಂತಿಷ್ಟು, ಹಿಸ್ಸಾ ಇಂತಿಷ್ಟು, ಕೃಷಿ ವಲಯದಿಂದ ವಸತಿ ವಲಯಕ್ಕೆ. ಕೆರೆ ಅನ್ನುವ ಪದ ಎಲ್ಲೂ ಇಲ್ಲ. ಗದ್ದೆ ಅಂತಲೂ ಇಲ್ಲ. ಸರ್ವೆ ನಂಬರ್ ನೋಡಿ ಜಾಗ ಗುರುತು ಹಿಡಿಯಬಲ್ಲವರು ಊರಲ್ಲಿ ಇಬ್ಬರೇ. ಒಬ್ಬರು ಸರ್ವೆಯರ್. ಇನ್ನೊಬ್ಬರು ಅರ್ಜಿದಾರರು.

ಆದರೂ ಪತ್ರಿಕೆಯನ್ನು ಮೊದಲಿಂದ ಕೊನೆ ತನಕ ಓದುವ ನಿವೃತ್ತ ಮೇಷ್ಟ್ರೊಬ್ಬರು ಪ್ರತಿ ಊರಲ್ಲೂ ಇರುತ್ತಾರೆ. ಅವರು ಬಿಳಿ ಹಾಳೆಯಲ್ಲಿ ಆಕ್ಷೇಪಣೆ ಬರೆದು, ಒಂದು ಜೆರಾಕ್ಸ್ ಮಾಡಿಸಿ, ಕೊಡೆ ಹಿಡಿದು ಕಚೇರಿಗೆ ಹೋಗುತ್ತಾರೆ. ಅಲ್ಲಿ ನಡೆಯುವುದು ಹೆಚ್ಚುಕಡಿಮೆ ಇಷ್ಟು:

"ಬನ್ನಿ ಮೇಷ್ಟ್ರೇ, ಏನಾಗಬೇಕಿತ್ತು?"

"ಒಂದು ಆಕ್ಷೇಪಣೆ ಕೊಡಬೇಕಿತ್ತಪ್ಪ."

"ಜಮೀನು ನಿಮ್ಮದಾ?"

"ಅಲ್ಲ."

"ಪಕ್ಕದ್ದು ನಿಮ್ಮದಾ?"

"ಅಲ್ಲ."

"ಮತ್ತೆ ಈ ಬಿಸಿಲಲ್ಲಿ ನಿಮಗ್ಯಾಕೆ ಇದೆಲ್ಲ?"

"ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು ಅಂತ ನೀವೇ ಪೇಪರಲ್ಲಿ ಹಾಕಿದ್ದೀರಲ್ಲ."

"ಹಾಕೋದು ಹಾಕ್ತೀವಿ ಮೇಷ್ಟ್ರೇ. ಕೊಡಲೇಬೇಕು ಅಂತೇನೂ ಇಲ್ಲ." ಆಮೇಲೆ ಗುಮಾಸ್ತನಿಗೆ ಪಾಪ ಅನ್ನಿಸುತ್ತದೆ. "ನಾನು ನಿಮ್ಮ ಸ್ಟೂಡೆಂಟೇ. ನಕ್ಷೆಗೆ ಬಣ್ಣ ತುಂಬೋದು ನೀವೇ ಕಲಿಸಿದ್ದು. ಕೊಡಿ, ಸೀಲ್ ಹಾಕಿಕೊಡ್ತೀನಿ."

ಸೀಲು ಬಿತ್ತು. ಮೇಷ್ಟ್ರಿಗೆ ಖುಷಿ. ಸಭೆಯಲ್ಲಿ ಬೀದಿದೀಪದ ಬಲ್ಬು ಖರೀದಿ ಬಗ್ಗೆ ಎರಡು ಗಂಟೆ ಕೂಗಾಟ ನಡೆಯಿತು. ಇಬ್ಬರು ಸಭಾತ್ಯಾಗ ಮಾಡಿದರು. ಗದ್ದೆಯ ವಿಷಯ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಅನ್ನುವ ಕೊನೇ ಸಾಲಿನಲ್ಲಿತ್ತು. ಅದು ಬರುವ ಹೊತ್ತಿಗೆ ಬೋಂಡ ಬಂದಿತ್ತು. ಸರ್ವಾನುಮತ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. ಥರ್ಟಿ-ಫಾರ್ಟಿ ಸೈಟು ಅಂದರೆ 1,200 ಚದರ ಅಡಿ. ಭಾಗಿಸಿದರೆ 36 ಸೈಟು ಬರುತ್ತದೆ. ಇದು ಡೆವಲಪರ್ ಲೆಕ್ಕ. ರಸ್ತೆ, ಚರಂಡಿ, ಪಾರ್ಕು, ಶಾಲೆ-ಆಸ್ಪತ್ರೆಗೆ ಅಂತ ಮೀಸಲಿಡುವ ಸಿಎ ನಿವೇಶನ ಎಲ್ಲ ತೆಗೆದರೆ ಇಪ್ಪತ್ತರ ಆಸುಪಾಸು ಉಳಿಯುತ್ತದೆ. ಇದು ಕಾನೂನಿನ ಲೆಕ್ಕ. ಈ ಎರಡು ಲೆಕ್ಕದ ನಡುವಿನ ವ್ಯತ್ಯಾಸದಲ್ಲೇ ನಮ್ಮ ಸಣ್ಣ ನಗರಗಳ ರಾಜಕಾರಣ ಊಟ ಮಾಡಿಕೊಂಡಿದೆ.

ಲೇಔಟಿನಲ್ಲಿ ಮೊದಲು ಎದ್ದು ನಿಲ್ಲುವುದು ಕಮಾನು. ನೀರಿನ ಪೈಪು ಇಲ್ಲ, ಚರಂಡಿ ಇಲ್ಲ, ಕಮಾನು ಮಾತ್ರ ಇದೆ. ಅದರ ಎರಡೂ ಕಡೆ ಸೊಂಡಿಲೆತ್ತಿದ ಸಿಮೆಂಟಿನ ಆನೆ. ಕಮಾನಿನ ಹತ್ತಿರ ರಸ್ತೆ ಅಗಲವಾಗಿರುತ್ತದೆ, ಯಾಕಂದ್ರೆ ಬ್ರೋಶರಿನ ಫೋಟೋ ತೆಗೆಯುವುದು ಅಲ್ಲೇ. ಒಳಗೆ ಹೋಗ್ತಾ ಹೋಗ್ತಾ ಸಣ್ಣದಾಗಿ, ಕೊನೇ ಸಾಲಿಗೆ ಬರುವಾಗ ಆಂಬುಲೆನ್ಸು ರಿವರ್ಸಲ್ಲೇ ಬರಬೇಕು.

ಇದೆಲ್ಲ ಕಷ್ಟಪಟ್ಟು ಕಾನೂನಿನ ಬಾಗಿಲಿನಿಂದ ಬರುವವರ ಕಥೆ. ಅಷ್ಟೂ ತೊಂದರೆ ತಗೊಳ್ಳದವರು ರೆವಿನ್ಯೂ ಲೇಔಟ್ ಮಾಡುತ್ತಾರೆ. ಜಮೀನು ಕನ್ವರ್ಷನ್, ಅಂದರೆ ಕೃಷಿಯಿಂದ ಕೃಷಿಯೇತರಕ್ಕೆ ಪರಿವರ್ತನೆ, ಆಗಿರುವುದಿಲ್ಲ, ಇಲ್ಲವೇ ಕನ್ವರ್ಷನ್ ಆಗಿದ್ದರೂ ನಕ್ಷೆಗೆ ಮಂಜೂರಾತಿ ಇರುವುದಿಲ್ಲ. ಸುಣ್ಣದಲ್ಲಿ ಗೆರೆ ಹಾಕಿ, ಕಲ್ಲು ನೆಟ್ಟು, ಮಾರಿ, ಮುಂದಿನ ಊರಿಗೆ ಹೋಗುತ್ತಾರೆ. ಕೊಳ್ಳುವವರು ಆಟೋ ಓಡಿಸುವವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು, ಖಾಸಗಿ ಶಾಲೆಯ ಟೀಚರುಗಳು. ಚೀಟಿ ಎತ್ತಿ, ಸರ ಅಡವಿಟ್ಟು ಕೊಂಡಿರುತ್ತಾರೆ. ಮಂಜೂರಾದ ಸೈಟು ಅವರ ಕೈಗೆ ಎಟುಕುವುದಿಲ್ಲ. ಇವರನ್ನು ನೋಡಿ ನಗುವುದು ನನ್ನಿಂದಾಗದು.

ನಗು ಬರುವುದು ಸರ್ಕಾರವನ್ನು ನೋಡಿ. ಅದೇ ಸೈಟನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿಕೊಂಡು ನೋಂದಣಿ ಮಾಡಿಕೊಡುತ್ತಾರೆ. ಕರೆಂಟು ಬರುತ್ತದೆ. ಕಂದಾಯ ಕಟ್ಟಿಸಿಕೊಳ್ಳುತ್ತಾರೆ, ಇದರಿಂದ ಮಾಲೀಕತ್ವ ಬರುವುದಿಲ್ಲ ಅಂತಲೂ ಹೇಳುತ್ತಾರೆ. ದುಡ್ಡು ಕಟ್ಟುವಾಗ ಸಕ್ರಮ, ನಲ್ಲಿ ನೀರು ಕೇಳಿದಾಗ ಅಕ್ರಮ. ಒಂದೇ ಮನೆ, ಒಂದೇ ದಿನ, ಎರಡು ಕೌಂಟರು.

ಇದಕ್ಕೆ ಪರಿಹಾರ ಹುಡುಕದೆ ಸರ್ಕಾರ ಬಿಟ್ಟಿಲ್ಲ. ಅಕ್ರಮ-ಸಕ್ರಮ ಅಂತ ತಂದರು. ಮನೆ ಕಟ್ಟಿದವರು ನಿಯಮವನ್ನು ಶೇ. 50ರ ತನಕ ಮುರಿದಿದ್ದರೆ ದಂಡ ಕಟ್ಟಿ ಸರಿಮಾಡಿಕೊಳ್ಳಬಹುದು, ಅಂಗಡಿ-ಕಾಂಪ್ಲೆಕ್ಸ್‌ನವರಿಗೆ ಶೇ. 25. ಅಂದರೆ ನಿಯಮದ ಅರ್ಧ ಭಾಗ ನಿಯಮ, ಉಳಿದರ್ಧ ರೇಟ್ ಕಾರ್ಡು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ತಡೆ ಕೊಟ್ಟಿತು. 2025ರಲ್ಲಿ ಬಿ ಖಾತೆ ಅಭಿಯಾನ ಬಂತು. ಅನಧಿಕೃತ ಬಡಾವಣೆಯ ಸೈಟಿಗೂ ಒಂದು ಖಾತೆ, ಆದರೆ ಬಿ. ಇದು ಕೊನೇ ಸಲ, ಇನ್ನು ಮುಂದೆ ಅಕ್ರಮ ಬಡಾವಣೆ ತಲೆ ಎತ್ತಲು ಬಿಡುವುದಿಲ್ಲ ಅನ್ನುವ ಮಾತು ಜೊತೆಗೇ ಬಂತು. ಈ ಕೊನೇ ಸಲಗಳನ್ನು ನಂಬಿ ಕಲ್ಲು ನೆಡುವವರ ಒಂದು ಪೀಳಿಗೆಯೇ ಬೆಳೆದು ನಿಂತಿದೆ.

ಇದರಲ್ಲಿ ನಿಜವಾಗಿ ಕೆಟ್ಟವರು ಯಾರು ಗೊತ್ತಾ? ನಮ್ಮ ಆ ಮೇಷ್ಟ್ರೇ. ಪಿಎಫ್ ದುಡ್ಡಲ್ಲಿ ಮನೆ ಕಟ್ಟುವಾಗ ನಾಲ್ಕೂ ಕಡೆ ಒಂದೊಂದು ಮೀಟರ್ ಸೆಟ್‌ಬ್ಯಾಕ್ ಬಿಟ್ಟರು. ಪಕ್ಕದವನು ಇಂಚೂ ಬಿಡದೆ ಗೋಡೆ ಎಬ್ಬಿಸಿದ. ಎಬ್ಬಿಸಿ, ಮೇಷ್ಟ್ರು ಬಿಟ್ಟ ಜಾಗದ ಕಡೆಗೆ ಮೂರು ಕಿಟಕಿ ಇಟ್ಟ. ಈಗ ಅವನ ಮನೆಗೆ ಗಾಳಿ ಬರುವುದು ಮೇಷ್ಟ್ರ ಪ್ರಾಮಾಣಿಕತೆಯಿಂದ. ಎಸಿಯ ಡಬ್ಬಿಯನ್ನೂ ಇತ್ತ ಕಡೆಗೇ ತೂಗುಹಾಕಿದ್ದಾನೆ. ಅದರ ನೀರು ಮೇಷ್ಟ್ರ ತುಳಸಿಕಟ್ಟೆ ಮೇಲೆ ತೊಟ್ಟಿಕ್ಕುತ್ತದೆ.

"ಜನರಿಗೆ ಮನೆ ಬೇಡ್ವಾ?" ಅಂತ ಕೇಳುತ್ತಾರೆ. ಗದ್ದೆಗೆ ಹಳದಿ ಬಳಿಯುವ ಪ್ರತಿ ಸಲವೂ ಈ ಪ್ರಶ್ನೆ ಬರುತ್ತದೆ. ಬೇಕು, ಖಂಡಿತ ಬೇಕು. ಹಾಗಾದರೆ ಹತ್ತು ವರ್ಷದ ಹಿಂದೆ ಮಂಜೂರಾದ ಲೇಔಟಿಗೆ ಒಂದು ಸಂಜೆ ಹೋಗಿ ಬನ್ನಿ. ಬೀದಿದೀಪ ಉರಿಯುತ್ತಿರುತ್ತದೆ, ಪಾರ್ಥೇನಿಯಂ ಎದೆಮಟ್ಟ ಬೆಳೆದಿರುತ್ತದೆ, ಅಲ್ಲೊಂದು ಇಲ್ಲೊಂದು ಮನೆ. ಉಳಿದವೆಲ್ಲ ಇನ್ವೆಸ್ಟ್‌ಮೆಂಟು. ಮಾಲೀಕರು ಬೆಂಗಳೂರಲ್ಲಿ, ದುಬೈನಲ್ಲಿ. ಸೈಟು ಇರುವವನಿಗೆ ಮನೆ ಬೇಡ, ಮನೆ ಬೇಕಾದವನಿಗೆ ಸೈಟಿಲ್ಲ. ಬಡವರಿಗೆ ಆಶ್ರಯ ಮನೆ ಇದೆಯಲ್ಲ ಅನ್ನಬಹುದು. ಇದೆ, ಕಸ ಸುರಿಯುವ ಜಾಗ ದಾಟಿದ ಮೇಲೆ ಎಡಕ್ಕೆ.

ಪಾರ್ಕಿನ ವಿಷಯದಲ್ಲಿ ನಮ್ಮವರ ಜಾಣತನವನ್ನು ಮೆಚ್ಚಲೇಬೇಕು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಾಗಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಅದು ಆಗದ ಮಾತು, ಪಾರ್ಕು ಪಾರ್ಕಾಗಿಯೇ ಇರಬೇಕು ಅಂದಿತು. ಈ ತೀರ್ಪನ್ನು ಸಣ್ಣ ನಗರಗಳು ಚೆನ್ನಾಗಿ ಅರ್ಥ ಮಾಡಿಕೊಂಡವು. ಪಾರ್ಕನ್ನು ಆಸ್ಪತ್ರೆಗೆ ಕೊಡಬಾರದು. ಮೂಲೆಯಲ್ಲಿ ಸಣ್ಣದೊಂದು ಗುಡಿ ಕಟ್ಟಬೇಕು. ಗುಡಿಗೆ ಕಾಂಪೌಂಡು, ಕಾಂಪೌಂಡಿಗೆ ಅಂಟಿಕೊಂಡು ಸಮುದಾಯ ಭವನ, ಭವನಕ್ಕೆ ಅಡುಗೆ ಶೆಡ್ಡು. ದೇವರ ಮೇಲೆ ಕೇಸು ಹಾಕುವವರು ಯಾರು? ಉಳಿದ ಜಾಗದಲ್ಲಿ ಎರಡು ಕಬ್ಬಿಣದ ಬೆಂಚು ಹಾಕಿ, ಕೊಟ್ಟವರ ಹೆಸರನ್ನು ಬೆಂಚಿಗಿಂತ ದೊಡ್ಡದಾಗಿ ಬರೆಸಿದರೆ ಪಾರ್ಕೂ ಆಯಿತು.

ಹಳೇ ಗ್ರಾಮ ನಕ್ಷೆ ಅಂತ ಒಂದಿದೆ. ಅದರಲ್ಲಿ ಕೆರೆ ಕೋಡಿಯಿಂದ ಹೊರಟು ಗದ್ದೆಗಳ ನಡುವೆ ಇಳಿಯುವ ಹಳ್ಳವನ್ನು ಎರಡು ಗೆರೆಯಲ್ಲಿ ಗುರುತು ಮಾಡಿದ್ದಾರೆ. ದಾಖಲೆಯಲ್ಲಿ ಅದು ಬಿ ಖರಾಬು, ಅಂದರೆ ಸಾರ್ವಜನಿಕರ ಜಾಗ, ಮಾರುವಂತಿಲ್ಲ. ಲೇಔಟಿನ ನಕ್ಷೆಯಲ್ಲಿ ಅದೇ ಎರಡು ಗೆರೆ ನಾಲ್ಕನೇ ಕ್ರಾಸ್ ಆಗಿದೆ, ಕೊನೆಗೆ ಎರಡು ಕಾರ್ನರ್ ಸೈಟೂ ಆಗಿದೆ. ನೀರಿಗೆ ಯಾರೂ ಹೊಸ ನಕ್ಷೆ ಕೊಟ್ಟಿರಲಿಲ್ಲ. ಅದು ಜೋರು ಮಳೆ ಬಂದ ರಾತ್ರಿ ಹಳೇ ದಾರಿಯಲ್ಲೇ ಬಂತು. ಬೈಕುಗಳು ತೇಲಿದವು. ಫ್ರಿಜ್ಜು, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ಒದ್ದೆ. ಬೆಳಗ್ಗೆ ಗಣ್ಯರು ಬಂದು, ಪ್ಯಾಂಟು ಮಡಚಿ, ಫೋಟೋ ತೆಗೆಸಿಕೊಂಡು, ಶಾಶ್ವತ ಪರಿಹಾರ ಅಂದರು.

ಒಬ್ಬ ಯುವ ಎಂಜಿನಿಯರ್ ಆ ಮಾತನ್ನು ನಿಜ ಅಂದುಕೊಂಡ. ಗ್ರಾಮ ನಕ್ಷೆ ಹರಡಿಕೊಂಡು, ಹಳ್ಳವನ್ನು ಹಳ್ಳವಾಗಿಯೇ ಬಿಡಬೇಕು, ನಾಲ್ಕನೇ ಕ್ರಾಸಿನ ಎರಡು ಕಾರ್ನರ್ ಸೈಟು ತೆರವಾಗಬೇಕು ಅಂತ ವರದಿ ಬರೆದ. ಆದರೆ ಮಾಸ್ಟರ್ ಪ್ಲಾನಿನಲ್ಲಿ ಆ ಜಾಗ ಈಗ ಹಳದಿ. ಹಳ್ಳಕ್ಕೂ ಭೂ ಉಪಯೋಗ ಬದಲಾವಣೆ ಆಗಬೇಕು. ಅದಕ್ಕೂ 14ಎ, ಅದಕ್ಕೂ ಪತ್ರಿಕಾ ಪ್ರಕಟಣೆ, ಅದೇ ಕೆಳಮೂಲೆ.

ಈ ಸಲ ಎಲ್ಲರೂ ಓದಿದರು. ಮೊದಲ ದಿನವೇ ವಕೀಲರ ಮೂಲಕ ಆಕ್ಷೇಪಣೆಗಳು ಕಟ್ಟು ಕಟ್ಟಾಗಿ ಬಂದವು. ಎಲ್ಲದರಲ್ಲೂ ಒಂದೇ ಒಕ್ಕಣೆ: ಹಳ್ಳ ಬಿಡುವುದು ಸಾರ್ವಜನಿಕ ಹಿತಕ್ಕೆ ವಿರುದ್ಧ. ಗುಮಾಸ್ತ ಯಾರನ್ನೂ ಏನೂ ಕೇಳಲಿಲ್ಲ, ಕುರ್ಚಿ ಹಾಕಿಸಿ ಸೀಲು ಒತ್ತಿದ. ಪ್ರಾಧಿಕಾರ ತುರ್ತು ಸಭೆ ಕರೆದು, ಸಾರ್ವಜನಿಕರ ಆಕ್ಷೇಪಣೆಗಳನ್ನು ಗಂಭೀರವಾಗಿ ಪರಿಗಣಿಸಿ, ಪ್ರಸ್ತಾವವನ್ನು ಕೈಬಿಟ್ಟಿತು. ಎಂಜಿನಿಯರ್‌ಗೆ ಬೀದರ್‌ಗೆ ವರ್ಗವಾಯಿತು.