ನಾಲ್ಕು ತಂತಿ ಕೊಟ್ಟು ಐದು ತಂತಿ ತಗೊಳ್ಳಲಾ?

ಹುಬ್ಬಳ್ಳಿಯ ಗೆಳೆಯನೊಬ್ಬ ನನ್ನ ಬೇಸ್ ಗಿಟಾರ್ (ಹಾಡಿಗೆ ತಳದ ದನಿ ಕೊಡುವ, ದಪ್ಪ ತಂತಿಯ ಗಿಟಾರ್) ಮೇಲೆ ಕಣ್ಣಿಟ್ಟು ಬಹಳ ಕಾಲ ಆಯಿತು. ಅವನೂ ನನ್ನ ಹಾಗೆ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವವನು. ಮೊನ್ನೆ ಫೋನ್ ಮಾಡಿ ನೇರವಾಗಿ ಕೇಳಿಬಿಟ್ಟ: "ನನ್ ಕಡೆ ಐದ್ ತಂತೀದ ಐತಿ. ನಿನ್ ನಾಕ್ ತಂತೀದ ನನಗ ಕೊಡು. ಮ್ಯಾಲ್ ರೊಕ್ಕ ಏನೂ ಬ್ಯಾಡ. ಅದಲು ಬದಲು ಮಾಡೋಣೇನು?"

ಅವನದು ಐಬನೆಜ್ ಕಂಪನಿಯ ಎಸ್‌ಆರ್, ಆಕ್ಟಿವ್ ಬೇಸ್, ಅಂದರೆ ದನಿ ಏರಿಳಿಸುವ ಸರ್ಕ್ಯೂಟ್ ಒಳಗೇ ಇದ್ದು ಬ್ಯಾಟರಿಯಿಂದ ನಡೆಯುವಂಥದ್ದು. ನನ್ನದು ಮೆಕ್ಸಿಕೋದಲ್ಲಿ ತಯಾರಾದ, ಫೆಂಡರ್ ಕಂಪನಿಯ ಪ್ರಿಸಿಷನ್. ಸೆಕೆಂಡ್ ಹ್ಯಾಂಡ್ ಬೆಲೆ ನೋಡಿದರೆ ಎರಡೂ ಹೆಚ್ಚುಕಮ್ಮಿ ಸಮ. ಹಾಗಾಗಿ ದುಡ್ಡಿನ ಮಾತು ಬರುವುದಿಲ್ಲ. ಯಾವುದನ್ನು ಹೆಗಲಿಗೆ ಹಾಕಿಕೊಂಡು ಸ್ಟೇಜ್ ಹತ್ತಬೇಕು ಅನ್ನೋದಷ್ಟೇ ಪ್ರಶ್ನೆ.

ಇದನ್ನು ಯಾರ ಹತ್ತಿರ ಹೇಳಿದರೂ ಮೊದಲು ಕೇಳುವುದು "ಎರಡರಲ್ಲಿ ಯಾವುದು ಒಳ್ಳೇದು?" ಅಂತ. ಆ ಪ್ರಶ್ನೆಯಿಂದ ಉತ್ತರ ಸಿಗಲ್ಲ. ನಾನು ನುಡಿಸುವ ಹಾಡುಗಳಲ್ಲಿ ನನ್ನ ಬೇಸ್‌ಗೆ ಎಟುಕದ ಸ್ವರ ಯಾವುದು? ಅದು ಎಷ್ಟು ಹಾಡುಗಳಲ್ಲಿ ಬರುತ್ತದೆ? ಅದನ್ನು ಪಡೆಯಲು ಏನು ಬಿಟ್ಟುಕೊಡಬೇಕು? ಕೇಳಬೇಕಾದ್ದು ಇದನ್ನು.

ಎಟುಕದ ಸ್ವರ ಇದೆ, ನಿಜ. ಆರ್ಕೆಸ್ಟ್ರಾದಲ್ಲಿ ಇದು ದಿನನಿತ್ಯದ ಕಥೆ. ಮೂಲ ಹಾಡು ಇ ಸ್ಕೇಲ್‌ನಲ್ಲಿದೆ, ಅಂದರೆ ಅದರ ಷಡ್ಜ (ಸ) ಇ ಅಂದುಕೊಳ್ಳಿ (ಇ, ಡಿ, ಬಿ ಇವೆಲ್ಲ ಸ್ವರಗಳ ಇಂಗ್ಲಿಷ್ ಹೆಸರು). ಬೇಸ್‌ನ ಅತಿ ದಪ್ಪ ತಂತಿಯೇ ಇ. ಬಿಟ್ಟ ತಂತಿ ಮೀಟಿದರೆ ಸಾಕು, ಹಾಡಿನ ಷಡ್ಜ ನೆಲದಿಂದ ಎದ್ದು ಬರುತ್ತದೆ. ಆದರೆ ಎಸ್‌ಪಿಬಿ ಏರಿದ ಎತ್ತರಕ್ಕೆ ಎಲ್ಲರ ಗಂಟಲೂ ಏರಲ್ಲ. ಗಾಯಕರು ಮೈಕ್ ಪಕ್ಕಕ್ಕೆ ಸರಿಸಿ "ಎರಡು ಇಳಿಸಿ ಸಾರ್" ಅಂತಾರೆ, ಅಂದರೆ ಎರಡು ಅರ್ಧಸ್ವರ ಕೆಳಗೆ. ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ ಬಟನ್ ಎರಡು ಸಲ ಒತ್ತುತ್ತಾರೆ, ಬೆರಳು ಇದ್ದಲ್ಲೇ ಇರುತ್ತದೆ. ಗಿಟಾರ್‌ನವರು ಕೇಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಬೇರೆ ಶೇಪ್ ಹಿಡಿಯುತ್ತಾರೆ. ನನಗೆ ಮಾತ್ರ ನೆಲವೇ ಇರಲ್ಲ. ಈಗ ಷಡ್ಜ ಡಿ. ಕೆಳಗಿನ ಡಿ ನನ್ನ ಬೇಸ್‌ನಲ್ಲಿ ಇಲ್ಲ. ಎ ತಂತಿಯ ಐದನೇ ಫ್ರೆಟ್‌ಗೆ (ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ) ಹೋಗಿ ಒಂದು ಸ್ಥಾಯಿ ಮೇಲಿನ ಡಿ ನುಡಿಸಬೇಕು. ಸ್ವರ ಅದೇ, ಆದರೆ ಹಾಡಿನ ತಳ ಎದ್ದು ಬಿಡುತ್ತದೆ. ಪಲ್ಲವಿ ಮುಗಿದು ತಬಲ, ರಿದಂ ಪ್ಯಾಡ್, ಬೇಸ್ ಮೂರೂ ಒಟ್ಟಿಗೆ ಬೀಳುವ ಜಾಗದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಆ ಪೆಟ್ಟು ಕೇಳುವವರ ಎದೆಗೆ ಬೀಳಲ್ಲ.

ಐದು ತಂತಿಯ ಬೇಸ್‌ನಲ್ಲಿ ಇ ಗಿಂತ ಕೆಳಗೆ ಇನ್ನೊಂದು ತಂತಿ, ಬಿ. ಅದರ ಮೂರನೇ ಫ್ರೆಟ್‌ನಲ್ಲಿ ನನಗೆ ಬೇಕಾದ ಡಿ ಕೂತಿದೆ. ಈ ತಂತಿ ಸುಮ್ನೆ ಶೋಕಿಗೆ ಬಂದದ್ದಲ್ಲ. 1980ರ ದಶಕದಲ್ಲಿ ಸಿಂಥ್ (ಎಲೆಕ್ಟ್ರಾನಿಕ್ ಆಗಿ ದನಿ ಹುಟ್ಟಿಸುವ) ಕೀಬೋರ್ಡ್‌ಗಳು ಇ ಗಿಂತ ಕೆಳಗಿನ ಸ್ವರಗಳನ್ನು ಸಲೀಸಾಗಿ ನುಡಿಸತೊಡಗಿದವು. ರೆಕಾರ್ಡಿಂಗ್‌ಗಳಲ್ಲಿ ಆ ದನಿ ಕೇಳಿದ ಜನಕ್ಕೆ ಅದೇ ಬೇಕಾಯಿತು. ಬೇಸ್ ನುಡಿಸುವವರೂ ಕೆಳಗಿಳಿಯಲೇಬೇಕಾಯಿತು. ನಮ್ಮ ಸಿನಿಮಾ ಹಾಡುಗಳಲ್ಲೂ ಅಷ್ಟೇ. ಹಳೇ ಹಾಡುಗಳ ಬೇಸ್ ನಾಲ್ಕು ತಂತಿಯಲ್ಲಿ ಆರಾಮಾಗಿ ಸಿಗುತ್ತದೆ. ಕೀಬೋರ್ಡ್‌ನಲ್ಲಿ ಕಟ್ಟಿದ ಹೊಸ ಹಾಡುಗಳಲ್ಲಿ ಎಷ್ಟೋ ಕಡೆ ಕೈ ಖಾಲಿ ಜಾಗಕ್ಕೆ ಹೋಗುತ್ತದೆ.

ಇಷ್ಟು ಓದಿದವರು "ಮತ್ತೆ ಯೋಚನೆ ಯಾಕೆ, ಬದಲಾಯಿಸಿಕೊಳ್ಳಿ" ಅನ್ನಬಹುದು. ಯೋಚನೆ ಇರುವುದು ನನ್ನ ಕೈಲಿರುವ ಬೇಸ್ ಎಂಥದ್ದು ಅನ್ನೋದರಲ್ಲಿ.

ಲಿಯೋ ಫೆಂಡರ್ ಪ್ರಿಸಿಷನ್ ಬೇಸನ್ನು ಹೊರತಂದದ್ದು 1951ರಲ್ಲಿ, ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ. ಅಲ್ಲಿಯವರೆಗೆ ಹೆಚ್ಚಿನ ಕಡೆ ಬೇಸ್ ಅಂದರೆ ಆಳೆತ್ತರದ ಡಬಲ್ ಬೇಸ್, ಅದಕ್ಕೆ ಫ್ರೆಟ್ ಇಲ್ಲ. ಇದಕ್ಕೆ ಫ್ರೆಟ್ ಬಂತು, ಹೆಗಲಿಗೆ ಹಾಕಿಕೊಳ್ಳುವ ಹಾಗಾಯಿತು. 1957ರಲ್ಲಿ, ತಂತಿಯ ಕಂಪನವನ್ನು ಆಂಪ್‌ಗೆ ಕಳಿಸುವ ಕರೆಂಟ್ ಆಗಿ ಬದಲಿಸುವ ಪಿಕಪ್ಪನ್ನು ಎರಡು ತುಂಡು ಮಾಡಿ, ಒಂದನ್ನು ಸ್ವಲ್ಪ ಮುಂದೆ ಒಂದನ್ನು ಸ್ವಲ್ಪ ಹಿಂದೆ ಕೂರಿಸಿದರು. ಎರಡು ತುಂಡುಗಳು ಒಂದು ಹಿಡಿಯುವ, ಸುತ್ತಲಿನ ಕರೆಂಟಿನ ಗುಂಯ್ ಸದ್ದನ್ನು ಇನ್ನೊಂದು ಅಳಿಸಿಹಾಕುತ್ತವೆ. ಗಣೇಶನ ಪೆಂಡಾಲಿನಲ್ಲಿ ನುಡಿಸಿದವರಿಗೆ ಇದರ ಬೆಲೆ ಗೊತ್ತು. ಸುತ್ತ ಸೀರಿಯಲ್ ಸೆಟ್, ಡಿಮ್ಮರ್, ಹಿಂದೆ ಜನರೇಟರ್. 1960ರಲ್ಲಿ ಬಂದ, ಫೆಂಡರ್‌ನದೇ ಆದ ಜಾಝ್ ಬೇಸ್‌ನಲ್ಲಿ ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್. ಎರಡೂ ಪೂರ್ತಿ ತೆರೆದಿದ್ದರೆ ಸದ್ದಿರಲ್ಲ, ಒಂದನ್ನು ಇಳಿಸಿದ ಕೂಡಲೇ ಗುಂಯ್ ಅಂತ ಶುರುವಾಗುತ್ತದೆ. ನಾನು ಜಾಝ್ ಬಿಟ್ಟು ಪ್ರಿಸಿಷನ್ ಹಿಡಿದದ್ದಕ್ಕೆ ಇದೂ ಒಂದು ಕಾರಣ.

ಅದಕ್ಕಿಂತ ದೊಡ್ಡ ಕಾರಣ ಅದರ ದನಿ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಗೆ ಬೇಸ್ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಬಗ್ಗೆ ಬೇಸ್ ಕಲಿಯುವ ಪ್ರತಿಯೊಬ್ಬರೂ ಓದಬೇಕು. 1962ರ ಒಂದು ಪ್ರಿಸಿಷನ್, ಅದಕ್ಕೆ ದಪ್ಪ ಫ್ಲಾಟ್‌ವೌಂಡ್ (ಚಪ್ಪಟೆ ಸುತ್ತಿನ, ನುಣುಪಾದ) ತಂತಿ, ಬಲಗೈಯ ತೋರುಬೆರಳು ಒಂದೇ. ಮೋಟೌನ್‌ನ ದೊಡ್ಡ ಹಾಡುಗಳಲ್ಲಿ ಬಹುಪಾಲು ಅವರ ಬೇಸ್. ಎಷ್ಟೋ ವರ್ಷ ರೆಕಾರ್ಡಿನ ಕವರ್ ಮೇಲೆ ಅವರ ಹೆಸರೂ ಇರಲಿಲ್ಲ. ಆ ಹಾಡುಗಳಲ್ಲಿ ಬೇಸ್ ಜೋರಾಗಿಲ್ಲ. ಆದರೂ ಎಲ್ಲ ವಾದ್ಯಗಳ ನಡುವೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಪ್ರಿಸಿಷನ್‌ನ ಗುಣ ಅದು. ನಡುಭಾಗಕ್ಕಿಂತ ಸ್ವಲ್ಪ ಕೆಳಗೆ ಅದರ ದನಿಗೊಂದು ಉಬ್ಬು ಇದೆ. ಡ್ರಮ್‌ನ ಕಿಕ್‌ಗೂ ಗಿಟಾರಿಗೂ ನಡುವೆ ಇರುವ ಸಂದಿಯಲ್ಲಿ ಆ ಉಬ್ಬು ಸರಿಯಾಗಿ ಕೂರುತ್ತದೆ.

ಮನೆಯಲ್ಲಿ ಒಬ್ಬರೇ ಕೂತು ನುಡಿಸಿದರೆ ಇದು ಗೊತ್ತಾಗಲ್ಲ. ಅಂಗಡಿಯಲ್ಲಂತೂ ಗೊತ್ತಾಗೋದೇ ಇಲ್ಲ. ಆಕ್ಟಿವ್ ಬೇಸ್‌ನ ಟ್ರೆಬಲ್ ನಾಬ್ (ಮೇಲಿನ ದನಿ), ಬೇಸ್ ನಾಬ್ (ತಳದ ದನಿ) ಎರಡೂ ಏರಿಸಿ ಒಬ್ಬರೇ ನುಡಿಸಿ ನೋಡಿ. ಪಿಯಾನೋ ಹಾಗೆ ಹೊಳೆಯುತ್ತದೆ, ಮನಸ್ಸು ಹಾರಿಹೋಗುತ್ತದೆ. ಅದರ ಮುಂದೆ ಪ್ರಿಸಿಷನ್ ಮಂಕಾಗಿ ಕೇಳುತ್ತದೆ. ಅದಕ್ಕೇ ಗೆಳೆಯನಿಗೆ ಹೇಳಿದೆ, ಮೈಸೂರಿಗೆ ಬಂದಾಗ ಬೇಸ್ ತಗೊಂಡು ಬಾ, ನಮ್ಮ ಪ್ರಾಕ್ಟೀಸಲ್ಲಿ ನುಡಿಸಿ ನೋಡೋಣ ಅಂತ.

ಬಂದ. ಅದೇ ಆಂಪ್, ನಾಬ್‌ಗಳೆಲ್ಲ ನಡುವೆ, ಅದೇ ಹಾಡುಗಳು. ಒಂದು ಸಲ ಅವನ ಬೇಸ್, ಒಂದು ಸಲ ನನ್ನದು. ಫೋನನ್ನು ರೂಮಿನ ಆಚೆ ಮೂಲೆಯಲ್ಲಿಟ್ಟು ರೆಕಾರ್ಡ್ ಮಾಡಿದೆವು. ಡಿ ಸ್ಕೇಲ್‌ಗೆ ಇಳಿಸಿದ ಹಾಡಿನಲ್ಲಿ ಅವನದು ಗೆದ್ದಿತು, ಎರಡು ಮಾತಿಲ್ಲ. ಮೂರನೇ ಫ್ರೆಟ್‌ನ ಆ ಡಿ ಬಿದ್ದಾಗ ತಬಲದವರೇ ತಲೆ ಎತ್ತಿ ನೋಡಿದರು. ಉಳಿದ ಹಾಡುಗಳಲ್ಲಿ ಬೇರೆಯೇ ಆಯಿತು. ಕೀಬೋರ್ಡಿನ ಸ್ಟ್ರಿಂಗ್ಸ್ ಎದ್ದಾಗ ಅವನ ಬೇಸ್ ಅದರೊಳಗೆ ಕರಗಿಹೋಗುತ್ತಿತ್ತು. ಮೀಟಿದ ಟಕ್ ಅನ್ನುವ ಸದ್ದು ಕೇಳಿಸುತ್ತದೆ, ಸ್ವರ ಯಾವುದು ಅಂತ ಹಿಡಿಯುವುದು ಕಷ್ಟ. ನನ್ನ ಬೇಸ್‌ನಲ್ಲಿ ಸ್ವರ ಉಳಿಯುತ್ತಿತ್ತು. ಮಿಡ್ (ನಡುದನಿ) ನಾಬ್ ಏರಿಸಿದೆವು, ಸುಧಾರಿಸಿತು, ಆದರೂ ಅಷ್ಟು ಬರಲಿಲ್ಲ.

ಅವತ್ತು ಇನ್ನೊಂದು ಸಂಗತಿಯೂ ಗೊತ್ತಾಯಿತು. ಬೇಸ್ ಕೇಳಿಸ್ತಿಲ್ಲ ಅಂತ ವಾದ್ಯವನ್ನೇ ಬದಲಾಯಿಸಲು ಹೊರಡುವವರು ಮೊದಲು ಕೀಬೋರ್ಡ್‌ನವರ ಎಡಗೈ ನೋಡಿ. ಒಬ್ಬರೇ ಪ್ರಾಕ್ಟೀಸ್ ಮಾಡಿ ಅಭ್ಯಾಸವಾದ ಕೀಬೋರ್ಡ್ ವಾದಕರು ಎಡಗೈಯಲ್ಲಿ ಬೇಸ್ ಸ್ವರವನ್ನೂ ಒತ್ತುತ್ತಿರುತ್ತಾರೆ. ಆ ಜಾಗ ನಿಮ್ಮದು. ನಾನು ಕೇಳಿಕೊಂಡೆ, ಅವರು ಎಡಗೈಯನ್ನು ಒಂದು ಸ್ಥಾಯಿ ಮೇಲಕ್ಕೆ ತಗೊಂಡರು. ಎರಡೂ ಬೇಸ್‌ಗಳು ಅರ್ಧದಷ್ಟು ಹೆಚ್ಚು ಸ್ಪಷ್ಟವಾದವು, ಒಂದು ಪೈಸೆ ಖರ್ಚಿಲ್ಲದೆ.

ಇನ್ನು ಸ್ಪೀಕರ್ ವಿಷಯ. ಬಿಟ್ಟ ಇ ತಂತಿಯ ಕಂಪನ 41 ಹರ್ಟ್ಜ್ (ಸೆಕೆಂಡಿಗೆ 41 ಸಲ), ಬಿ ತಂತಿಯದು ಸುಮಾರು 31. ನಾವು ನುಡಿಸುವ ಪೆಂಡಾಲ್, ಛತ್ರಗಳ ಸಬ್‌ಗಳಲ್ಲಿ (ತಳದ ದನಿಯ ಸ್ಪೀಕರ್) ಬಹಳಷ್ಟು 40 ಹರ್ಟ್ಜ್‌ನಿಂದ ಕೆಳಗೆ ಕೈಬಿಡುತ್ತವೆ. ಅಂದರೆ ಬಿ ತಂತಿಯ ಮೂಲ ದನಿ ಜನರವರೆಗೆ ಹೋಗುವುದೇ ಕಷ್ಟ, ಹೋಗುವುದು ಅದರ ಎರಡರಷ್ಟು ಮೂರರಷ್ಟು ಕಂಪನಗಳು. ಅವನ್ನು ಕೇಳಿದ ಕಿವಿ ಇಲ್ಲದ ತಳವನ್ನು ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ 37 ಹರ್ಟ್ಜ್‌ನ ಡಿ ಪೂರ್ತಿ ವ್ಯರ್ಥ ಅಲ್ಲ. ಪ್ರಾಕ್ಟೀಸಲ್ಲಿ ಕಿವಿಯಾರೆ ಕೇಳಿದ್ದೇನೆ. ಆದರೆ ಅದಕ್ಕೂ ಕೆಳಗೆ ಹೋದ ಹಾಗೆ, ನಮ್ಮ ಊರುಗಳ ಸೌಂಡ್ ಸೆಟ್‌ನಲ್ಲಿ ಸ್ವರಕ್ಕಿಂತ ಗದ್ದಲವೇ ಜಾಸ್ತಿ. ನಮ್ಮ ಹಾಡುಗಳ ಪಟ್ಟಿ ಇಟ್ಟುಕೊಂಡು ಕೂತೆ. ಇ ಗಿಂತ ಕೆಳಗೆ ಹೋಗಬೇಕಾದ ಕಡೆಗಳಲ್ಲಿ ಹೆಚ್ಚಿನವು ಡಿ ಅಥವಾ ಇ ಫ್ಲಾಟ್ (ಇ ಗಿಂತ ಅರ್ಧಸ್ವರ ಕೆಳಗೆ). ಸಿ ಅಪರೂಪ. ಬಿ ತೀರಾ ಅಪರೂಪ.

ಕೈಯ ಮಾತೂ ಇದೆ. ಪ್ರಿಸಿಷನ್‌ನ ಬ್ರಿಡ್ಜ್ (ತಂತಿಗಳ ಕೆಳತುದಿ ಕೂರುವ ಜಾಗ) ಹತ್ತಿರ ತಂತಿಯಿಂದ ತಂತಿಗೆ ಸುಮಾರು 19 ಮಿಲಿಮೀಟರ್. ಅವನ ಐದು ತಂತಿಯದರಲ್ಲಿ ಅದಕ್ಕಿಂತ ಕಮ್ಮಿ. ಬೆರಳು ಸಣ್ಣ ಇದ್ದವರಿಗೆ, ವೇಗವಾಗಿ ನುಡಿಸುವವರಿಗೆ ಅದು ಅನುಕೂಲ. ನೆಕ್ (ಎಡಗೈ ಹಿಡಿಯುವ ಕತ್ತು) ತೆಳು, ತೂಕವೂ ಕಮ್ಮಿ, ರಾತ್ರಿಯಿಡೀ ನಿಂತು ನುಡಿಸುವವರ ಬೆನ್ನಿಗೆ ಅದು ದೊಡ್ಡ ಉಪಕಾರ. ನಾನು ಫ್ಲಾಟ್‌ವೌಂಡ್ ಮೇಲೆ ಸ್ವಲ್ಪ ಬಲವಾಗಿಯೇ ಮೀಟುವವನು. ನನಗೆ ಆ ಜಾಗ ಬೇಕು. ಅದೂ ಅಲ್ಲದೆ ಐದು ತಂತಿಯಲ್ಲಿ ನುಡಿಸದ ತಂತಿಗಳನ್ನು ಒತ್ತಿ ಸುಮ್ಮನಿರಿಸುವುದೇ ಅರ್ಧ ಕೆಲಸ. ಬಿ ತಂತಿ ಮುಟ್ಟದೆಯೂ ಅದುರುತ್ತಿರುತ್ತದೆ, ಸ್ಟೇಜ್ ಮೇಲೆ ಅದು ಗುಂಗುಡುತ್ತದೆ. ಬ್ಯಾಟರಿಯ ವಿಷಯ ಎಲ್ಲರಿಗೂ ಗೊತ್ತಿರಲಿ: ಸಾಮಾನ್ಯವಾಗಿ ಆಕ್ಟಿವ್ ಬೇಸ್‌ನಲ್ಲಿ ಕೇಬಲ್ ಚುಚ್ಚಿದ್ದರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಸೌಂಡ್ ಚೆಕ್ ಆದ ಮೇಲೆ ಕೇಬಲ್ ಕಿತ್ತಿಡಿ, ಬ್ಯಾಗ್‌ನಲ್ಲಿ ಒಂದು 9 ವೋಲ್ಟ್ ಬ್ಯಾಟರಿ ಇಟ್ಟುಕೊಳ್ಳಿ.

ಮರದ ಬಗ್ಗೆ ಜನ ಬಹಳ ಚರ್ಚೆ ಮಾಡುತ್ತಾರೆ, ನನಗೆ ಅದು ತೀರ್ಮಾನದ ವಿಷಯ ಅಲ್ಲ. ಆದರೂ ಒಂದು ಮಾತು ಹೇಳಲೇಬೇಕು. ನನ್ನ ಬೇಸ್‌ನ ಬೆರಳುಹಲಗೆ ರೋಸ್‌ವುಡ್. ಇಂಥ ವಾದ್ಯಗಳಿಗೆ ಹೆಚ್ಚಾಗಿ ಬಳಸುವ ಭಾರತದ ರೋಸ್‌ವುಡ್ ಅಂದರೆ ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆ ಮರವೇ. 2017ರಲ್ಲಿ ರೋಸ್‌ವುಡ್ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟು ಬಂದಾಗ ಮೆಕ್ಸಿಕೋದಲ್ಲಿ ಮಾಡುವ ಫೆಂಡರ್‌ಗಳಿಗೆ ಪಾವ್ ಫೆರೋ ಅನ್ನುವ ಮರ ಬಂತು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ದನಿಯಲ್ಲಿ ದೊಡ್ಡ ವ್ಯತ್ಯಾಸ ನನಗೆ ಕೇಳಿಸಿಲ್ಲ. ಆದರೆ ಘಟ್ಟದ ಮರವೊಂದು ಬೆರಳಡಿಯಲ್ಲಿದೆ ಅನ್ನುವುದು ನನಗೆ ಹೆಮ್ಮೆಯ ವಿಷಯ.

ಬದಲಾಯಿಸಲೇಬೇಕು ಅಂತ ಇರುವವರಿಗೆ: ಬರುವ ಬೇಸ್‌ನ ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಎರಡನ್ನೂ ಒತ್ತಿ ಹಿಡಿದು, ಏಳನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಎಷ್ಟು ಸಂದಿ ಇದೆ ನೋಡಿ. ತೆಳುವಾದ ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ಸರಿ. ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್‌ನ ಬಾಗು ಸರಿಪಡಿಸುವ, ಒಳಗಿನ ಲೋಹದ ಕಡ್ಡಿ) ಇನ್ನೂ ತಿರುಗುತ್ತದೋ ಇಲ್ಲವೋ ಕೇಳಿ, ಅದು ಕೊನೆಗೆ ಮುಟ್ಟಿದ್ದರೆ ಆ ನೆಕ್ ಬೇಡ. ಮಂಗಳೂರು, ಉಡುಪಿ ಕಡೆಯಿಂದ ಒಳನಾಡಿಗೆ ಬಂದ ವಾದ್ಯವಾದರೆ ಹವೆ ಬದಲಾಗಿ ನೆಕ್ ಅಲುಗಿರುತ್ತದೆ, ಕೆಲವು ದಿನ ಬಿಟ್ಟು ಮತ್ತೆ ನೋಡಿ. ಬಿ ತಂತಿಯನ್ನು ಹನ್ನೆರಡನೇ ಫ್ರೆಟ್ ಮೇಲೆ ನುಡಿಸಿ, ಶ್ರುತಿ ನಿಲ್ಲುತ್ತದಾ ಕೇಳಿ. ಸೀರಿಯಲ್ ನಂಬರಿನ ಫೋಟೋ, ಬಿಲ್ ಇದ್ದರೆ ಬಿಲ್ಲಿನ ನಕಲು ತಗೊಳ್ಳಿ. ಕದ್ದ ವಾದ್ಯ ಕೈಗೆ ಬಂದರೆ ಆಮೇಲೆ ಯಾರೂ ಜೊತೆಗಿರಲ್ಲ.

ನೀವು ಹೊಸ ಹಾಡುಗಳನ್ನೇ ಜಾಸ್ತಿ ನುಡಿಸುವವರಾದರೆ, ಚರ್ಚ್‌ನಲ್ಲೋ ಫ್ಯೂಷನ್ ಬ್ಯಾಂಡ್‌ನಲ್ಲೋ ಇದ್ದರೆ, ನಾನು ಐದು ತಂತಿಯನ್ನೇ ತಗೊಳ್ಳಿ ಅಂತೀನಿ. ಆ ಸಂಗೀತಕ್ಕೆ ಅದು ಬೇಕು. ನನ್ನ ಸಂಗೀತ ಹೆಚ್ಚಾಗಿ ರಾಜ್‌ಕುಮಾರ್, ಎಸ್‌ಪಿಬಿ, ಜಾನಕಮ್ಮ ಹಾಡಿದ ಹಾಡುಗಳು. ಅಲ್ಲಿ ಬೇಸ್‌ಗೆ ಆಳಕ್ಕಿಂತ ಮಾತು ಬೇಕು. ಒಂದೊಂದು ಸ್ವರವೂ ಗಾಯಕರ ಹಿಂದೆ ಸ್ಪಷ್ಟವಾಗಿ ನಡೆಯಬೇಕು. ಅದಕ್ಕೆ ನನ್ನ ಪ್ರಿಸಿಷನ್ ಬಿಟ್ಟುಕೊಡಲ್ಲ ಅಂತ ಗೆಳೆಯನಿಗೆ ಹೇಳಿದೆ. ಅವನಿಗೂ ಬೇಜಾರಿಲ್ಲ, ರೆಕಾರ್ಡಿಂಗ್ ಕೇಳಿ "ನಾನಾದ್ರೂ ಕೊಡ್ತಿದ್ದಿಲ್ಲ ಬಿಡು" ಅಂದ.

ಡಿ ಸ್ವರಕ್ಕೆ ಬೇರೆ ದಾರಿ ಹುಡುಕಿದ್ದೇನೆ. ಇ ತಂತಿಯ ಶ್ರುತಿ ಮಾಡುವ ಕೀ ತೆಗೆದು ಅಲ್ಲಿ ಸಣ್ಣ ಲಿವರ್ ಇರುವ ಕೀ ಹಾಕಬಹುದು. ಲಿವರ್ ಒತ್ತಿದರೆ ತಂತಿ ಇ ಯಿಂದ ಡಿ ಗೆ ಇಳಿಯುತ್ತದೆ, ಎತ್ತಿದರೆ ವಾಪಸ್ ಇ. ಇಳಿಸಿದಾಗ ಆ ತಂತಿಯ ಸ್ವರಗಳೆಲ್ಲ ಎರಡು ಫ್ರೆಟ್ ಮೇಲಕ್ಕೆ ಸರಿಯುತ್ತವೆ, ಅಷ್ಟು ಕೈಗೆ ಕಲಿಸಬೇಕು. ಇ ಫ್ಲಾಟ್ ಬೇಕಾದರೆ ಮೊದಲ ಫ್ರೆಟ್‌ನಲ್ಲೇ ಸಿಗುತ್ತದೆ. ಸಿ ಬಂದ ಕಡೆ ಮೇಲಿನ ಸ್ಥಾಯಿಯಲ್ಲೇ ನುಡಿಸುತ್ತೇನೆ. ಕೀ ತರಿಸಿದ್ದೇನೆ, ಗೌರಿ ಗಣೇಶ ಹಬ್ಬದ ಕಾರ್ಯಕ್ರಮಗಳು ಶುರುವಾಗುವ ಮುಂಚೆ ಹಾಕಿಸಬೇಕು. ಈ ಕೀ ಬಳಸಿದವರು ಯಾರಾದರೂ ಇದ್ದರೆ, ಫ್ಲಾಟ್‌ವೌಂಡ್ ತಂತಿ ಡಿ ಗೆ ಇಳಿದಾಗ ಎಷ್ಟು ಸಡಿಲವಾಗುತ್ತದೆ, ಅದಕ್ಕೆ ಯಾವ ದಪ್ಪದ ತಂತಿ ಹಾಕಿಕೊಂಡಿದ್ದೀರಿ ಅಂತ ದಯವಿಟ್ಟು ತಿಳಿಸಿ.