ಮಂಡಗದ್ದೆಯಲ್ಲಿ ನಿಲ್ಲುವ ಕಾರು

1998ರ ಮಳೆಗಾಲದಲ್ಲಿ ನನ್ನ ಬಳಿ ಮೂರು ಸಿಲಿಂಡರಿನ, ಕಾರ್ಬುರೇಟರ್ ಇದ್ದ, ಎರಡು ಕೈ ದಾಟಿ ಬಂದ ಒಂದು ಸಣ್ಣ ಕಾರಿತ್ತು. ಶಿವಮೊಗ್ಗ ಪೇಟೆಯೊಳಗೆ ಅದರಷ್ಟು ಸಾಧುಪ್ರಾಣಿ ಬೇರೆ ಇರಲಿಲ್ಲ. ಆದರೆ ಮಾವನವರನ್ನು ಕೂರಿಸಿಕೊಂಡು ತೀರ್ಥಹಳ್ಳಿಯ ತೋಟಕ್ಕೆ ಹೊರಟೆನೆಂದರೆ, ಸಕ್ರೆಬೈಲಿನ ಆನೆ ಬಿಡಾರ ದಾಟುತ್ತಿದ್ದಂತೆ ಎಂಜಿನ್ ತೊದಲಲು ತೊಡಗಿ, 30 ಕಿ.ಮೀ. ದೂರದ ಮಂಡಗದ್ದೆ ಬಂದಾಗ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟಿದ್ದ ಬೆಳ್ಳಕ್ಕಿ, ನೀರುಕಾಗೆಗಳೆಲ್ಲ ನೋಡುತ್ತಿರುವಂತೆಯೇ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು.

"ಇದು ಮಿಸ್ಸಿಂಗು ಸಾರ್" ಎಂದ ಮೆಕ್ಯಾನಿಕ್, ಹೆಸರಿಟ್ಟರೆ ಅರ್ಧ ರೋಗ ವಾಸಿಯಾದಂತೆ ಎಂಬ ಧಾಟಿಯಲ್ಲಿ. ಪ್ಲಗ್ಗುಗಳನ್ನು ಬಿಚ್ಚಿ, ಎಮರಿ ಕಾಗದದಲ್ಲಿ ಉಜ್ಜಿ, ತೃಪ್ತಿಯಾಗದೆ ಮೂರನ್ನೂ ಹೊಸದು ಹಾಕಿದ. ಮುಂದಿನ ಸಲ ಪಾಯಿಂಟು, ಕಂಡೆನ್ಸರು. ಅದರ ಮುಂದಿನ ಸಲ ಕಾಯಿಲು. ಕೊನೆಗೆ ಕಾರ್ಬುರೇಟರನ್ನೇ ಬಿಡಿಬಿಡಿಯಾಗಿ ಹರಡಿ ಜೆಟ್ಟಿಗೆ ಗಾಳಿ ಊದಿದ. ಪ್ರತಿ ರಿಪೇರಿಯ ನಂತರವೂ ಬಸ್ ನಿಲ್ದಾಣದವರೆಗೆ ಓಡಿಸಿ ನೋಡುತ್ತಿದ್ದ. ಎರಡು ಕಿಲೋಮೀಟರಿಗೆ ಯಾವ ತೊಂದರೆಯೂ ಕಾಣುತ್ತಿರಲಿಲ್ಲ.

ಪೆಟ್ರೋಲು ಬಿಸಿಗೆ ಆವಿಯಾಗಿ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಎಂದು ಕಚೇರಿಯಲ್ಲಿ ಯಾರೋ ಸಲಹೆ ಕೊಟ್ಟರು. ಜಡಿಮಳೆಯಲ್ಲಿ ನಡುಗುತ್ತ ನಿಂತು, ಕಾರಿಗೆ ಬಿಸಿಯಾಗಿದೆಯೆಂದು ಟವೆಲು ಹಿಂಡಿ ಹೊದಿಸುವುದು ನೋಡುವವರಿಗೆ ವಿಚಿತ್ರವಾಗಿ ಕಂಡಿರಬೇಕು. ಆದರೂ ಪ್ರತಿ ಸಲವೂ ಕಾರು ಸ್ಟಾರ್ಟ್ ಆಗುತ್ತಿದ್ದುದರಿಂದ ಆ ಟವೆಲಿನ ಮೇಲೆ ನನಗೆ ಅಪಾರ ಗೌರವ ಬೆಳೆಯಿತು.

ಮಾವನವರಿಗೆ ಟವೆಲಿನಲ್ಲಾಗಲೀ ಪೆಟ್ರೋಲ್ ಮುಳ್ಳಿನಲ್ಲಾಗಲೀ ನಂಬಿಕೆಯಿರಲಿಲ್ಲ. ನಾನು ಬಾನೆಟ್ಟಿನೊಳಗೆ ತಲೆ ತೂರಿಸಿರುವಾಗ ಅವರು ಕೊಡೆ ಹಿಡಿದು ಹಿಂದೆ ಹೋಗಿ, ಟ್ಯಾಂಕಿನ ಮುಚ್ಚಳ ತೆಗೆದು, ಮೂಗಿಟ್ಟು ವಾಸನೆ ನೋಡಿ, "ಪೆಟ್ರೋಲ್ ಇದೆ ಅಳಿಯಂದಿರೇ" ಎಂದು ಘೋಷಿಸುತ್ತಿದ್ದರು. ಟ್ಯಾಂಕು ತುಂಬಿಸಿದ ದಿನವೇ ಕಾರು ಇನ್ನೂ ಬೇಗ ನಿಲ್ಲುತ್ತಿದ್ದುದರಿಂದ ಬಂಕಿನವನು ಕಲಬೆರಕೆ ಮಾಡುತ್ತಾನೆಂಬುದು ಅವರ ತೀರ್ಪಾಗಿತ್ತು.

ಆಗಸ್ಟಿನಲ್ಲೊಮ್ಮೆ ಅವರಿಗೆ ಮಂಡಿನೋವು; ನಾನು, ಹೆಂಡತಿ ಇಬ್ಬರೇ ಹೊರಟೆವು. ಮಂಡಗದ್ದೆಯಲ್ಲಿ ಕಾರು ನಿಂತಿತು. ಟವೆಲು ಹೊದಿಸಿದೆ, ಫಲವಿಲ್ಲ. ಮತ್ತೆ ತೋಯಿಸಿ ಹೊದಿಸಿದೆ. ಅರ್ಧ ಗಂಟೆಯಾದರೂ ಅದು ಜಗ್ಗಲಿಲ್ಲ. ಪಕ್ಕದಲ್ಲಿ ಚಹಾಕ್ಕೆಂದು ನಿಂತಿದ್ದ ಲಾರಿಯ ಕ್ಲೀನರ್ ಹುಡುಗ ಬಂದು, ಬಾನೆಟ್ಟಿನ ಕಡೆ ತಿರುಗಿಯೂ ನೋಡದೆ ನೇರ ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುವಿದ. ಸೋಡಾ ಬಾಟಲಿ ತೆರೆದಂತೆ 'ಉಸ್ಸ್' ಎಂದಿತು. ಗಾಳಿ ಹೋಗಿದ್ದು ಮಾತ್ರ ಒಳಕ್ಕೆ. "ಈಗ ಹೊಡೀರಿ ಸಾರ್" ಎಂದ. ಕಾರು ಸ್ಟಾರ್ಟ್ ಆಯಿತು.

ನನಗೆ ವಿಷಯವನ್ನು ಬಿಡಿಸಿ ಹೇಳಿದವಳು ಹೆಂಡತಿ. "ಎಣ್ಣೆ ಡಬ್ಬಕ್ಕೆ ಎದುರುಬದುರು ಎರಡು ತೂತು ಯಾಕೆ ಹೊಡೀತೀವಿ?" ಎಂದಳು. ನನ್ನ ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತಿತ್ತು, ಮಂಡಗದ್ದೆಗೆ 2 ಲೀಟರ್ ಪೆಟ್ರೋಲು ಖರ್ಚಾದರೆ ಅಷ್ಟೇ ಜಾಗಕ್ಕೆ ಗಾಳಿ ಒಳಗೆ ಹೋಗಬೇಕು, ಅದಕ್ಕೆ ಮುಚ್ಚಳದಲ್ಲಿ ಒಂದು ಸಣ್ಣ ಕಂಡಿ ಇರಬೇಕು. ಇಲ್ಲವಾದರೆ ಟ್ಯಾಂಕಿನೊಳಗೆ ಒತ್ತಡ ಇಳಿಯುತ್ತ ಹೋಗಿ, ಒಂದು ಹಂತದಲ್ಲಿ ಪಂಪು ಎಷ್ಟು ಎಳೆದರೂ ಪೆಟ್ರೋಲು ಬರುವುದಿಲ್ಲ. ತುಂಬಿದ ಟ್ಯಾಂಕಿನಲ್ಲಿ ಗಾಳಿಗಿರುವ ಜಾಗವೇ ಕಡಿಮೆಯಾದ್ದರಿಂದ ಆ ಹಂತ ಇನ್ನೂ ಬೇಗ ಬರುತ್ತದೆ. ಬಂಕಿನವನನ್ನು ನಾವು ವೃಥಾ ಬೈದಿದ್ದೆವು.

ಕಾರಿನ ಮೂಲ ಮುಚ್ಚಳವನ್ನು ಮೇ ತಿಂಗಳಲ್ಲಿ ಬಂಕಿನಲ್ಲಿ ಕಾರಿನ ತಲೆಯ ಮೇಲಿಟ್ಟು ಮರೆತು ಹೊರಟು ಕಳೆದುಕೊಂಡವನು ನಾನೇ. ಬದಲಿಗೆ ಗುಜರಿಯಿಂದ 40 ರೂಪಾಯಿಗೆ ಒಂದನ್ನು ತಂದಿದ್ದೆ. "ಗಾಳಿ ಕೂಡ ಆಡಲ್ಲ ಸಾರ್, ಅಷ್ಟು ಬಿಗಿ" ಎಂದು ಗುಜರಿಯವನು ಹೊಗಳಿದ್ದ. ಪಾಪ, ಅವನು ಸುಳ್ಳು ಹೇಳಿರಲಿಲ್ಲ.

ಮನೆಗೆ ಬಂದು ಮಾವನವರಿಗೆ ಎಲ್ಲವನ್ನೂ ವಿವರಿಸಿದೆ. 'ಉಸ್ಸ್' ಎಂಬ ಸದ್ದು ಅವರಿಗೆ ಒಂದು ದಿನವೂ ಕೇಳಿಸಿರಲಿಲ್ಲ. ಅವರ ಕಿವಿ ತುಸು ಮಂದ. ಮಂಡಿಗೆ ಎಣ್ಣೆ ತಿಕ್ಕುತ್ತ ಬಹಳ ಹೊತ್ತು ಯೋಚಿಸಿದರು.

"ಹಾಗಾದರೆ ಇಷ್ಟು ದಿನ ಕಾರು ರಿಪೇರಿ ಮಾಡಿದವನು ನಾನು. ಆ ಮೆಕ್ಯಾನಿಕ್ಕಿಗೆ ಒಟ್ಟು ಎಷ್ಟು ಕೊಟ್ಟಿರಿ, ಅಳಿಯಂದಿರೇ?"